ಸುಬ್ಬಾರಾವನ ಎಡಬದಿ

ನಮ್ಮ ಮನೆಯಲ್ಲಿ ಅನ್ನ ಮಾಡುತ್ತಿದ್ದುದು ಹಬ್ಬಕ್ಕೆ, ಜ್ವರ ಬಂದವರಿಗೆ ಮತ್ತು ಸುಬ್ಬಾರಾವನಿಗೆ. ಸಿಂಧನೂರಿನ ಸುತ್ತ ಕಾಲುವೆ ನೀರು ಬಂದು, ಜೋಳ ಬೆಳೆಯುತ್ತಿದ್ದ ಕರಿನೆಲವೆಲ್ಲ ಗದ್ದೆಯಾಗಿ, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದು ಆಗಲೇ ಕೆಲವು ವರ್ಷಗಳಾಗಿದ್ದವು. ಪೇಟೆಯ ತುಂಬ ಭತ್ತದ ಚೀಲಗಳು ಇರುತ್ತಿದ್ದವು. ಆದರೂ ನಮ್ಮಂಥವರ ಒಲೆಯ ಮೇಲೆ ದಿನಾ ಕೂರುತ್ತಿದ್ದುದು ರೊಟ್ಟಿ ಹಂಚೇ. ಸುಬ್ಬಾರಾವ್ ಕ್ಯಾಂಪಿನ ಹುಡುಗ. ಅಪ್ಪ ಕೆಲಸ ಮಾಡುತ್ತಿದ್ದ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಬ್ಯಾಕ್ ಆಡುತ್ತಿದ್ದ. ಗೋಲು ಹೊಡೆಯಲು ಬಂದವರನ್ನು ತಡೆಯುವುದು ಅವನ ಕೆಲಸ. ರೊಟ್ಟಿ ಅವನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅಪ್ಪ ಹೇಳಿದ್ದೇ ತಡ, ಅವ್ವ ವಾರಕ್ಕೆ ಮೂರು ದಿನ ಮೊರ ಹಿಡಿದು ಅಕ್ಕಿ ಆರಿಸಲು ಕೂರಬೇಕಾಯಿತು. ಅನ್ನ ಅವನಿಗೆ, ಬಸಿದ ಗಂಜಿಗೆ ಉಪ್ಪು ಹಾಕಿ ನನಗೆ. ಮನೆಗೆ ಒಬ್ಬಳೇ ಮಗಳಾದ ನಾನು ಒಲೆಯ ಪಕ್ಕ ಕೂತು ಆ ಗಂಜಿ ಕುಡಿಯುತ್ತ, ಪಡಸಾಲೆಯಲ್ಲಿ ಅವನು ಅನ್ನ ಕಲಸುವುದನ್ನು ನೋಡುತ್ತಿದ್ದೆ.

ಎರಡು ಖೋಲಿ, ಒಂದು ಪಡಸಾಲೆಯ ಮಣ್ಣಿನ ಮಾಳಿಗೆ ಮನೆ ಅದು. ಪಡಸಾಲೆಗೆ ಮಾತ್ರ ಬಂಡೆ ಹಾಸಿತ್ತು, ಉಳಿದದ್ದೆಲ್ಲ ಸಗಣಿ ಸಾರಿಸಿದ ನೆಲ. ಅಭ್ಯಾಸ ಮುಗಿಸಿದ ಸಂಜೆಗಳಲ್ಲಿ ತಂಡದ ನಾಲ್ವರು ಬ್ಯಾಕುಗಳೂ ಅಪ್ಪನ ಹಿಂದೆ ಮನೆಗೆ ಬರುತ್ತಿದ್ದರು. ಬಚ್ಚಲ ಕಲ್ಲಿನ ಮೇಲೆ ಮೊಣಕಾಲಿನ ತನಕ ಮಣ್ಣು ತೊಳೆದುಕೊಂಡು ಒಂದೇ ಹಿತ್ತಾಳೆ ಪರಾತದ ಸುತ್ತ ಕೂರುತ್ತಿದ್ದರು. ಅದು ಅಪ್ಪನ ಕಾನೂನು. ಹುಡುಗನಾಗಿದ್ದಾಗ ಅಪ್ಪ ಹೈದರಾಬಾದಿಗೆ ಓಡಿಹೋಗಿ ಯಾವುದೋ ಸಿಪಾಯಿಗಳ ಮೈದಾನದಲ್ಲಿ ಆಟ ಕಲಿತು ಬಂದಿದ್ದ. ಅಲ್ಲಿ ಹಿಂದೆ ನಿಂತು ಆಡುವವರು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರಂತೆ. ಪಕ್ಕದವನ ಕೈ ಯಾವಾಗ ಎತ್ತ ಹೋಗುತ್ತದೆ ಎಂದು ನೋಡದೆಯೇ ತಿಳಿಯಬೇಕು, ಆಮೇಲೆ ಕಾಲೂ ತಿಳಿಯುತ್ತದೆ ಎನ್ನುವುದು ಅಪ್ಪನ ಲೆಕ್ಕ. ನಾಲ್ವರದೂ ಒಂದೇ ಓಣಿಯಲ್ಲ. ಒಬ್ಬನ ಹೆಸರು ಖಾಸಿಂ, ಅವನ ಪಕ್ಕ ಸುಬ್ಬಾರಾವ್, ಇನ್ನಿಬ್ಬರು ಊರ ಆಚೆ ಕೇರಿಯಿಂದ ಬರುತ್ತಿದ್ದ ಅಣ್ಣತಮ್ಮಂದಿರು. ಓಣಿಯ ಹೆಂಗಸರು ನಮ್ಮ ಮನೆಯ ಕೊಡ ಮುಟ್ಟುವುದನ್ನೇ ಬಿಟ್ಟಿದ್ದರು. ಅವ್ವ ಎರಡು ದಿನ ಅತ್ತು, ಮೂರನೆಯ ದಿನ ಇನ್ನೂ ದೊಡ್ಡ ಪಾತ್ರೆಯಲ್ಲಿ ಸಾರು ಕಾಯಿಸಿದಳು.

ನಾನು ಒಮ್ಮೆ ಆ ಪರಾತದ ಅಂಚಿಗೆ ಹೋಗಿ ಕೂತಿದ್ದೆ. ಅಪ್ಪ ತಲೆ ಎತ್ತದೆ ಹೇಳಿದ:

“ಶಾರಿ, ಏಳವ್ವ. ಇದು ಬ್ಯಾಕುಗಳ ತಾಟು.”

ಬೈಯಲಿಲ್ಲ, ಗದರಲೂ ಇಲ್ಲ. ಅದೇ ಸಿಟ್ಟು ನನಗೆ. ಬೈದಿದ್ದರೆ ಕನಿಷ್ಠ ನನ್ನ ಮುಖವನ್ನಾದರೂ ನೋಡಿರುತ್ತಿದ್ದ. ಸುಬ್ಬಾರಾವ್ ಮಾತ್ರ ನನ್ನತ್ತ ನೋಡಿ ನಕ್ಕ. ಅವನು ಒಳ್ಳೆಯ ಮನಸ್ಸಿನಿಂದಲೇ ನಕ್ಕಿರಬೇಕು, ಈಗ ಹಾಗನಿಸುತ್ತದೆ. ಆಗ ಅವನ ಬಾಯಲ್ಲಿದ್ದ ಅನ್ನ ಅಲ್ಲೇ ಸಿಕ್ಕಿಕೊಳ್ಳಲಿ ಎಂದು ಹಾರೈಸಿದೆ.

ಅಪ್ಪನ ಹುದ್ದೆಯ ಬಗ್ಗೆಯೂ ಹೇಳಬೇಕು. ತಂಡಕ್ಕೆ ಇಬ್ಬರು ಮಾಸ್ತರರು. ದೊಡ್ಡ ಮಾಸ್ತರರು ಗೋಲು ಹೊಡೆಯುವವರಿಗೆ ಕಲಿಸುತ್ತಿದ್ದರು, ಅವರಿಗೆ ಪ್ಯಾಂಟು, ಸೀಟಿ, ಗೆದ್ದ ದಿನ ಹಾರ. ಅಪ್ಪ ಅಸಿಸ್ಟೆಂಟು. ಹಿಂದಿನ ನಾಲ್ವರು ಮತ್ತು ಗೋಲು ಕಾಯುವವನು ಅಪ್ಪನ ಪಾಲು. ಆ ಕೆಲಸದ ಹಣೆಬರಹ ಎಂಥದ್ದೆಂದರೆ, ಅಪ್ಪ ಸರಿಯಾಗಿ ಕಲಿಸಿದ ದಿನ ಆಟದಲ್ಲಿ ಏನೂ ನಡೆಯುತ್ತಿರಲಿಲ್ಲ. ಚೆಂಡು ಬರುತ್ತಿತ್ತು, ವಾಪಸ್ ಹೋಗುತ್ತಿತ್ತು. ಚಪ್ಪಾಳೆ ಹೊಡೆಯಲು ಯಾರಿಗೂ ಏನೂ ಸಿಗುತ್ತಿರಲಿಲ್ಲ. ತಂಡದ ಫೋಟೋದಲ್ಲಿ ದೊಡ್ಡ ಮಾಸ್ತರರು ನಡುವೆ ಕುರ್ಚಿಯ ಮೇಲಿದ್ದರೆ ಅಪ್ಪ ಒಂದು ತುದಿಯಲ್ಲಿ ಅರ್ಧ ತೋಳು ಕಡಿದುಹೋಗಿ ನಿಂತಿರುತ್ತಿದ್ದ. ಆ ವರ್ಷ ದೊಡ್ಡ ಮಾಸ್ತರರಿಗೆ ಬೇರೆ ಊರಿಗೆ ವರ್ಗ ಆಗುವುದಿತ್ತು. ಅವರು ಒಂದು ಒಳ್ಳೆಯ ಮಾತು ಬರೆದುಕೊಟ್ಟರೆ ಆ ಜಾಗ ಅಪ್ಪನಿಗೆ ಎಂದು ಎಲ್ಲರೂ ಅನ್ನುತ್ತಿದ್ದರು. ಅವ್ವ ಆಗಲೇ ಮಸ್ಕಿಯ ತವರಿಗೆ ಸುದ್ದಿ ಮುಟ್ಟಿಸಿಬಿಟ್ಟಿದ್ದಳು.

ಅಪ್ಪ ಕಲಿಸುವ ರೀತಿಯೇ ವಿಚಿತ್ರ. ಬಾವಿಯಿಂದ ನೀರು ಎತ್ತುವ ಮಿಣಿಯನ್ನು ನಾಲ್ವರ ಸೊಂಟಕ್ಕೂ ಕಟ್ಟಿ, ನಡುವೆ ಮೂರು ಮೂರು ಮಾರು ಬಿಟ್ಟು, ಮೈದಾನದಲ್ಲಿ ಓಡಾಡಿಸುತ್ತಿದ್ದ. ಒಬ್ಬ ಮುಂದೆ ಹೋದರೆ ಉಳಿದ ಮೂವರೂ ಹೋಗಬೇಕು, ಹಗ್ಗ ಬಿಗಿಯಲೂ ಬಾರದು, ನೆಲಕ್ಕೆ ತಾಕಲೂ ಬಾರದು. ಕಾಲುವೆ ನೀರು ಒಸರಿ ಮೈದಾನದ ಒಂದು ಮೂಲೆ ಸದಾ ಕೆಸರು. ಆ ಕೆಸರಿನಲ್ಲಿ ನಾಲ್ವರೂ ಒಟ್ಟಿಗೆ ಬಿದ್ದು ಒಟ್ಟಿಗೆ ಏಳುತ್ತಿದ್ದರು. ಅಪ್ಪ ಮೈದಾನದ ಪಕ್ಕದ ಏರಿಯ ಮೇಲೆ ನಿಂತು ಕೂಗುತ್ತಿದ್ದ:

“ಸಬರ್ ಮಾಡ್ರಲೇ! ಚೆಂಡಿನ ಹಿಂದ ನಾಯಿ ಓಡ್ತೈತಿ. ಬ್ಯಾಕ್ ಕಾಯ್ತಾನ!”

ಊಟವಾದ ಮೇಲೆ ಪಡಸಾಲೆಯ ಬಂಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಮೈದಾನ ಬರೆದು ಹುಣಸೆಬೀಜ ಜೋಡಿಸುತ್ತಿದ್ದ. ಹುರಿದು ಸಿಪ್ಪೆ ತೆಗೆದ ಬಿಳಿ ಬೀಜ ನಮ್ಮವರು, ಕರಿ ಬೀಜ ಎದುರಿನವರು. ಹುಡುಗರು ಹೋದ ಮೇಲೂ ಒಬ್ಬನೇ ಕೂತು ಬೀಜ ಸರಿಸುತ್ತಿದ್ದ. ಅವ್ವನಿಗೆ ಅದು ನೆಲ ಹಾಳು, ಸಾರಿಗೆ ಹಾಕಿದ ಹುಣಸೆಯಲ್ಲಿ ಬೀಜ ಎಣಿಸುವ ಕರ್ಮ ಬೇರೆ. ಒಂದು ಸಂಜೆ ಅವಳ ತಾಳ್ಮೆ ತಪ್ಪಿತು. ರೊಟ್ಟಿ ಬಡಿಯುವ ಕೈಯನ್ನು ಹಿಟ್ಟು ಸಮೇತ ಸೊಂಟಕ್ಕೆ ಇಟ್ಟುಕೊಂಡು ಬಂದು ನಿಂತಳು.

“ಏನ್ರೀ, ನಿಮ್ಮ ಮಗಳು ಯಾವ ಕ್ಲಾಸಿನ್ಯಾಗ ಅದಾಳ ಹೇಳ್ರಿ ನೋಡೂಣು.”

ಅಪ್ಪ ಬೀಜ ಹಿಡಿದುಕೊಂಡೇ ನನ್ನತ್ತ ನೋಡಿದ.

“ನಾಕನೇತ್ತ,” ಅಂದ.

“ಆರು! ಆರನೇತ್ತ ಕಲಿಯಾಕತ್ತಾಳ! ಆ ಸುಬ್ಬಾರಾವನ ಅಂಗಾಲು ಎಷ್ಟು ಬೆರಳು ಉದ್ದ ಐತಿ ಕೇಳ್ರಿ, ಹೇಳ್ತೀರಿ.”

“ಹನ್ನೆರಡೂವರಿ ಬೆರಳು,” ಅಂದ ಅಪ್ಪ. ಪಾಪ, ಅವಳು ನಿಜವಾಗಿಯೇ ಕೇಳುತ್ತಿದ್ದಾಳೆ ಎಂದುಕೊಂಡಿದ್ದ.

ಅವ್ವ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಆ ದಿನದಿಂದ ನಾನು ಸುಬ್ಬಾರಾವನನ್ನು ನೋಡತೊಡಗಿದೆ. ಅಪ್ಪ ಅವನಲ್ಲಿ ಅಂಥದ್ದೇನು ಕಂಡಿದ್ದಾನೆ, ನನ್ನಲ್ಲಿ ಏನು ಕಾಣುತ್ತಿಲ್ಲ ಎಂದು ನೋಡಿಯೇಬಿಡುವ ಹಟ. ಶಾಲೆ ಬಿಟ್ಟೊಡನೆ ಮೈದಾನದ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ಮನೆಗೆ ಬಂದರೆ ಹುಣಸೆಬೀಜ. ಹೊಟ್ಟೆಕಿಚ್ಚಿನವರಷ್ಟು ಗಮನವಿಟ್ಟು ನೋಡುವವರು ಯಾರೂ ಇಲ್ಲ, ಅಭಿಮಾನಿಗಳೂ ಇಲ್ಲ.

ಮೊದಲು ಬೀಜ ನನಗೆ ಹೇಳಿತು. ಅಪ್ಪ ಒಬ್ಬನೇ ಇದ್ದಾಗ ಖಾಸಿಮನ ಬೀಜವನ್ನು ಯಾವಾಗಲೂ ಸಾಲಿನಿಂದ ತುಸು ಹಿಂದಕ್ಕೆ, ಸುಬ್ಬಾರಾವನ ಎಡಗಡೆಗೆ ಇಡುತ್ತಿದ್ದ. ಹುಡುಗರ ಎದುರು ಸಾಲು ನೆಟ್ಟಗಿರುತ್ತಿತ್ತು. ಮೈದಾನದಲ್ಲಿ ಖಾಸಿಮನಿಗೆ, “ನಿನ್ನ ಕಾಲು ಮಂದ ಅದಾವಲೇ, ಒಂದು ಹೆಜ್ಜಿ ಹಿಂದ ನಿಂದ್ರು,” ಎಂದು ಬೈಯುತ್ತಿದ್ದ. ಖಾಸಿಮನ ಕಾಲು ಮಂದವಾಗಿರಲಿಲ್ಲ, ನಾಲ್ವರಲ್ಲೂ ಅವನೇ ಚುರುಕು. ಹಾಗಾದರೆ ಯಾಕೆ ಎಂದು ನಾನು ಸುಬ್ಬಾರಾವನ ಕಾಲನ್ನೇ ನೋಡುತ್ತ ಕೂತೆ. ಎರಡು ವಾರವಾಗುವಷ್ಟರಲ್ಲಿ ಸಿಕ್ಕಿತು. ಬಲಕ್ಕೆ ತಿರುಗುವಾಗ ಅವನು ನೆಟ್ಟಗೆ ತಿರುಗುತ್ತಿದ್ದ. ಎಡಕ್ಕೆ ತಿರುಗಬೇಕಾದಾಗ ಮಾತ್ರ ಒಂದು ಚಣ ತಲೆ ತಗ್ಗಿಸಿ ನೆಲ ನೋಡುತ್ತಿದ್ದ, ಆಮೇಲೆ ಕಾಲಿಡುತ್ತಿದ್ದ. ಕ್ಯಾಂಪಿನ ಹುಡುಗರಿಗೆ ಮೈದಾನ ಇರಲಿಲ್ಲ. ಅವರು ಆಡಿ ಬೆಳೆದದ್ದು ಕಾಲುವೆಯ ಏರಿಯ ಮೇಲೆ, ಅವನು ಯಾವಾಗಲೂ ನಿಲ್ಲುತ್ತಿದ್ದ ತುದಿಯಿಂದ ನೀರು ಎಡಕ್ಕೆ. ಎಡಕ್ಕೆ ಕಾಲಿಡುವ ಮುನ್ನ ನೋಡಿ ಇಡುವುದು ಅವನ ಮೈಗೆ ಅಂಟಿಬಿಟ್ಟಿತ್ತು, ಅವನಿಗೇ ಗೊತ್ತಿರಲಿಲ್ಲ. ಅಪ್ಪ ಅದನ್ನು ಅವನಿಗೂ ಹೇಳದೆ, ಬೇರೆ ಯಾರಿಗೂ ಹೇಳದೆ, ಖಾಸಿಮನನ್ನು ಸುಮ್ಮಸುಮ್ಮನೆ ಬೈದು ಆ ಕಿಂಡಿ ಮುಚ್ಚಿದ್ದ. ಇಷ್ಟು ಜೋಪಾನ! ನಾನು ಗಣಿತದಲ್ಲಿ ಫೇಲಾದಾಗ ಅಪ್ಪ ಹಾಳೆ ನೋಡದೆ ಸಹಿ ಮಾಡಿ ಕೊಟ್ಟಿದ್ದ.

ಆ ವರ್ಷದ ದೊಡ್ಡ ಆಟ ಲಿಂಗಸುಗೂರಿನ ತಂಡದ ಜೊತೆ, ನಮ್ಮೂರಲ್ಲೇ. ಬೇರೆ ಊರಿನ ತಂಡ ಬಂದರೆ ಅವರನ್ನು ಇಬ್ಬಿಬ್ಬರಂತೆ ಊರ ಮನೆಗಳಿಗೆ ಊಟಕ್ಕೆ ಹಂಚುವ ಪದ್ಧತಿ ಆಗಿತ್ತು. ಖಾನಾವಳಿಯಲ್ಲಿ ಅತಿಥಿಗಳಿಗೆ ಉಣ್ಣಿಸಿದರೆ ಊರಿಗೆ ಅವಮಾನ. ಚೀಟಿ ಎತ್ತಿದಾಗ ನಮ್ಮ ಮನೆಗೆ ಬಂದವರು ಅವರ ಗೋಲು ಹೊಡೆಯುವ ಇಬ್ಬರೇ. ಬದಲಿಸಿ ಎಂದು ಅಪ್ಪ ಕೇಳಬಹುದಿತ್ತು. ಉಣ್ಣಲು ಬರುವವರನ್ನು ಬೇಡ ಅನ್ನುವುದು ಹೇಗೆ ಎಂದು ಸುಮ್ಮನಾದ. ಆಟದ ದಿನ ಬೆಳಿಗ್ಗೆ ಅಪ್ಪ ಮೈದಾನಕ್ಕೆ ಸುಣ್ಣ ಹಾಕಿಸಲು ಹೋಗಿದ್ದ. ಅವ್ವ ಆ ಇಬ್ಬರನ್ನೂ ಕೂರಿಸಿ ಸಜ್ಜಿರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅವರಲ್ಲಿ ಶಿವಪುತ್ರ ಎಂಬವನು ಮಾತುಗಾರ. ನಾನು ನೀರು ತಂದಿಟ್ಟಾಗ ಕೇಳಿದ:

“ತಂಗಿ, ನಿಮ್ಮ ಸುಬ್ಬಾರಾವ್ ಗ್ವಾಡಿ ಇದ್ದಂಗ ಅದಾನಂತ, ಖರೆ ಏನು? ನಮ್ಮೂರ ತನಕ ಅವನ ಹೆಸರು ಬಂದೈತಿ.”

ಲಿಂಗಸುಗೂರಿನ ತನಕ! ನನ್ನ ಹೆಸರು ನಮ್ಮ ಪಡಸಾಲೆಯ ತನಕವೂ ಹೋಗಿರಲಿಲ್ಲ. ಅವ್ವ ಒಳಗೆ ರೊಟ್ಟಿ ಮೊಗಚುತ್ತಿದ್ದಳು.

“ಗ್ವಾಡಿನೂ ಇಲ್ಲ ಏನೂ ಇಲ್ಲ,” ಅಂದೆ. “ಎಡಕ್ಕ ತಿರುಗೂ ಮುಂದ ನೆಲ ನೋಡ್ತಾನ. ಖಾಸಿಂ ಹಿಂದ ನಿಂತಿರ್ತಾನ, ಅದಕ್ಕ ಯಾರಿಗೂ ಗೊತ್ತಾಗಂಗಿಲ್ಲ. ಖಾಸಿಮನ್ನ ಅತ್ತಾಗ ಎಳದು ನೋಡ್ರಿ, ಆಮ್ಯಾಲ ಗೊತ್ತಾಗ್ತೈತಿ ಎಂಥ ಗ್ವಾಡಿ ಅಂತ.”

ಶಿವಪುತ್ರನ ತುತ್ತು ಕೈಯಲ್ಲೇ ನಿಂತಿತು. ಗೆಳೆಯನ ಮುಖ ನೋಡಿದ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ನಾನು ಹೇಳಿದ್ದು ಎಂಥ ಮಾತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ, ತಿಳಿಯದೆ ಅಂದಳು ಎಂದು ಯಾರಾದರೂ ನನ್ನ ಪರ ವಹಿಸಿದರೆ ನಾನೇ ಒಪ್ಪುವುದಿಲ್ಲ.

ಮಧ್ಯಾಹ್ನದ ಆಟಕ್ಕೆ ಊರೆಲ್ಲ ಏರಿಯ ಮೇಲೆ ಸೇರಿತ್ತು. ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಒಬ್ಬ ಹುಡುಗ ಚೆಂಡು ಇಲ್ಲದೆಯೂ ಸುಮ್ಮನೆ ಅಂಚಿನ ಕಡೆ ಓಡಿದ, ಖಾಸಿಂ ಅವನ ಹಿಂದೆ ಹೋದ. ಶಿವಪುತ್ರ ಸುಬ್ಬಾರಾವನ ಎಡಕ್ಕೆ ಬಂದ. ಸುಬ್ಬಾರಾವ್ ನೆಲ ನೋಡಿದ. ಗೋಲು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಸುಬ್ಬಾರಾವ್ ಕಾಲಿಗೆ ಕಾಲು ತೊಡರಿ ಕೂತೇಬಿಟ್ಟ, ಜನ ನಕ್ಕರು. ಎಷ್ಟು ದಿನದಿಂದ ಕಾದಿದ್ದೆನೋ ಆ ನಗೆಗೆ! ಆದರೆ ನನ್ನ ಕಣ್ಣು ಅಪ್ಪನ ಮೇಲಿತ್ತು. ಎರಡನೆಯ ಗೋಲಿಗೇ ಅಪ್ಪನಿಗೆ ತಿಳಿದಿರಬೇಕು: ಒಬ್ಬನೇ ಕೂತು ಇಟ್ಟ ಬೀಜ ಕಂಡದ್ದು ಮನೆಯವರಿಗೆ ಮಾತ್ರ, ಆ ಇಬ್ಬರು ಉಂಡದ್ದೂ ನಮ್ಮ ಮನೆಯಲ್ಲೇ. ಆಟದ ಕಡೆ ಬೆನ್ನು ಮಾಡಿ, ಏರಿಯ ಮೇಲಿದ್ದ ಜನರನ್ನು ಒಂದು ತುದಿಯಿಂದ ನೋಡುತ್ತ ಬಂದು ನನ್ನ ಮೇಲೆ ದೃಷ್ಟಿ ನಿಲ್ಲಿಸಿದ. ಅಪ್ಪ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನಾನು ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬಳ ಸೆರಗಿನ ಹಿಂದೆ ಮುಖ ಮರೆಸಿಕೊಂಡೆ.

ಇನ್ನೂ ಬೆಳಕಿದ್ದಾಗಲೇ ದೊಡ್ಡ ಮಾಸ್ತರರು ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡದೆ ಪಡಸಾಲೆಗೆ ಹತ್ತಿದರು. ಹಿಂದೆ ಸುಬ್ಬಾರಾವ್, ಮೈಮೇಲೆ ಇನ್ನೂ ಅದೇ ಕೆಸರು, ಅತ್ತು ಊದಿದ ಮುಖ. ನಾನು ಒಳಖೋಲಿಯ ಬಾಗಿಲಲ್ಲಿ ಅವ್ವನ ಪಕ್ಕ ನಿಂತಿದ್ದೆ.

“ಬಸಣ್ಣ, ಯಾರೋ ಒಳಗಿನವರೇ ಹೇಳ್ಯಾರ,” ಅಂದರು ದೊಡ್ಡ ಮಾಸ್ತರರು. “ಅವರು ಬಂದದ್ದು ಹೊಂಚು ಹಾಕಿ, ಸೀದಾ ಇವನ ಕಡೆ. ಇವನೇ ಅವರ ಕೂಡ ಮಾತಾಡಿಕೊಂಡಾನ ಅಂತ ನನಗ ಅನುಮಾನ. ಬೇಕಂತ ಬಿದ್ದಾನ. ನಾಳೆ ಪ್ರಿನ್ಸಿಪಾಲರ ಮುಂದ ನಿಲ್ಲಸ್ತೀನಿ, ಕಾಲೇಜು ಬಿಡಸ್ತೀನಿ.”

ಸುಬ್ಬಾರಾವ್ ಅಪ್ಪನ ಕಾಲಿಗೆ ಬಿದ್ದ.

“ಲೇದು, ಇಲ್ಲ ಮಾಸ್ತರಗಾರು! ಅಮ್ಮನ ಆಣಿ, ನಾನು ಯಾರ ಕೂಡ ಮಾತಾಡಿಲ್ಲ! ಏನಾಯ್ತೋ ನನಗೇ ಗೊತ್ತಿಲ್ಲ!”

ನಾನು ಬಾಯಿ ತೆರೆಯಬೇಕಿತ್ತು. ಅದರ ಬದಲು ಅವ್ವನ ಸೆರಗು ಹಿಡಿದುಕೊಂಡೆ. ಅವ್ವ ನನ್ನ ಮುಖ ನೋಡಿದಳು, ಬೆಳಗಿನ ಊಟ ಅವಳಿಗೆ ನೆನಪಾಗಿರಬೇಕು, ನನ್ನ ರಟ್ಟೆ ಹಿಡಿದ ಅವಳ ಕೈ ಬಿಗಿಯಾಯಿತು. ಅಪ್ಪ ಸುಬ್ಬಾರಾವನನ್ನು ಎಬ್ಬಿಸಿ ಗೋಡೆಗೆ ಕೂರಿಸಿದ. ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಒರೆಸಿಕೊಂಡ.

“ಹುಡುಗನ ತಪ್ಪಿಲ್ರಿ,” ಅಂದ. “ನಾನೇ ಬಾಯಿಬಿಟ್ಟೆ. ನಿನ್ನೆ ಚಾ ಹೋಟೆಲಿನ್ಯಾಗ ಅವರ ಮಾಸ್ತರ ಸಿಕ್ಕಿದ್ರು. ಹೈದರಾಬಾದಿನ ಮಾತು ಬಂತು, ಆಟದ ಮಾತು ಬಂತು. ನಾಕೂ ಮಂದಿ ಎಲ್ಲಿ ನಿಂದರ್ತಾರ, ಯಾವಾಗ ಮುಂದ ಬರ್ತಾರ, ಎಲ್ಲಾ ಹೇಳಿಬಿಟ್ಟೆ. ದೊಡ್ಡಸ್ತಿಕಿ ಮಾಡಾಕ ಹೋದೆ. ಅವರು ಸಾಲು ಒಡದ್ರು. ಸಾಲು ಒಡದ ಮ್ಯಾಲ ಯಾವ ಬ್ಯಾಕ್ ಇದ್ರೂ ಬೀಳ್ತಾನ.”

ದೊಡ್ಡ ಮಾಸ್ತರರು, “ನಿನ್ನ ಹೆಸರು ಬರಿಯಾಕ ಹಾಳಿ ತಗದಿಟ್ಟಿದ್ದೆ, ಬಸಣ್ಣ,” ಎಂದರು. ಹೋಗುವಾಗ ಸುಬ್ಬಾರಾವನ ತಲೆಯ ಮೇಲೆ ಕೈಯಾಡಿಸಿ ಹೋದರು. ಅವರ ಜಾಗಕ್ಕೆ ಹೊರಗಿನಿಂದ ಒಬ್ಬರು ಬಂದರು, ಅಪ್ಪನಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಅವರಾದ ಮೇಲೆ ಇನ್ನೊಬ್ಬರು. ಅಪ್ಪ ಅಸಿಸ್ಟೆಂಟಾಗಿಯೇ ನಿವೃತ್ತನಾದ. ಅವ್ವ ಮಸ್ಕಿಗೆ ಹೋದಾಗಲೆಲ್ಲ ಮಾತು ಬದಲಿಸುವುದನ್ನು ಕಲಿತಳು.

ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ಬೈಗುಳಕ್ಕೆ ಕಾದು ಕಾದು ನಾನೇ ಸೊರಗಿದೆ. ಆಮೇಲೆ ನಿಧಾನಕ್ಕೆ ಒಂದು ಹೆಮ್ಮೆ ಬೆಳೆಯಿತು: ಅಪ್ಪ ತನಗೆ ಬರಬೇಕಿದ್ದ ಜಾಗವನ್ನೇ ನನಗಾಗಿ ಬಿಟ್ಟುಕೊಟ್ಟ. ಸುಬ್ಬಾರಾವನಿಗೆ ಸಿಕ್ಕಿದ್ದು ಬರೀ ಅನ್ನ. ಈ ಹೆಮ್ಮೆಯಲ್ಲಿ ಕೆಲವು ವರ್ಷ ಸುಖವಾಗಿದ್ದೆ. ಮದುವೆಯಾಗಿ, ನಾನೇ ಶಾಲೆಯ ಟೀಚರಾಗಿ, ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು. ‘ಹೇಳಿದ್ದು ನನ್ನ ಮಗಳು’ ಎಂದು ಅಪ್ಪ ಒಪ್ಪಿಕೊಂಡಿದ್ದರೆ, ಏನು ಹೇಳಿದಳು ಎಂದು ದೊಡ್ಡ ಮಾಸ್ತರರು ಕೇಳುತ್ತಿದ್ದರು. ಆಗ ಸುಬ್ಬಾರಾವನ ಎದುರಿಗೇ ಅವನ ಎಡಗಾಲಿನ ಗುಟ್ಟು ಬಿಚ್ಚಬೇಕಾಗುತ್ತಿತ್ತು. ತನ್ನ ತಪ್ಪು ತಿಳಿದ ಬ್ಯಾಕು ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ ಎಂದು ಅಪ್ಪ ನಂಬಿದ್ದ. ಹಾಗಾದರೆ ಆ ಸುಳ್ಳು ನನ್ನ ಸಲುವಾಗಿಯೋ, ಅವನ ಸಲುವಾಗಿಯೋ? ಮತ್ತೆ ಅದೇ ಹೊಟ್ಟೆಕಿಚ್ಚು. ಮೂವತ್ತು ದಾಟಿದ ಹೆಂಗಸು ನಾನು, ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅಪ್ಪ ಹಾಸಿಗೆ ಹಿಡಿದಾಗ ಕೇಳಿಯೇಬಿಟ್ಟೆ. ಬಿಸಿಲಿನ ಹೊತ್ತು, ಅವ್ವ ಹೊರಗೆ ಹಪ್ಪಳ ಹಾಕುತ್ತಿದ್ದಳು.

“ಅಪ್ಪಾ, ಲಿಂಗಸುಗೂರಿನವರು ಬಂದಾಗ ನೀ ದೊಡ್ಡ ಮಾಸ್ತರಿಗೆ ಸುಳ್ಳು ಹೇಳಿದ್ದೆಲ್ಲ. ಅದು ಯಾರ ಸಲುವಾಗಿ?”

ಅಪ್ಪ ಸೂರಿನ ಜಂತೆ ನೋಡುತ್ತ ಮಲಗಿದ್ದ.

“ಯಾವ ಸುಳ್ಳಬೇ? ನಾನೇ ಬಾಯಿಬಿಟ್ಟಿದ್ದೆ. ಚಾ ಹೋಟೆಲಿನ್ಯಾಗ.”

“ಅಪ್ಪಾ, ನಾ ಶಾರಿ. ನನಗ ಗೊತ್ತೈತಿ.”

“ಹೈದರಾಬಾದಿನ ಮಾತು ಬಂತು, ಆಟದ ಮಾತು ಬಂತು,” ಅಂದ ಅಪ್ಪ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. “ದೊಡ್ಡಸ್ತಿಕಿ ಮಾಡಾಕ ಹೋದೆ.”

ಕೆಲವೇ ದಿನಗಳಲ್ಲಿ ಅಪ್ಪ ಹೋದ. ಸುದ್ದಿ ತಿಳಿದು ಸುಬ್ಬಾರಾವ್ ಬಂದ. ತಲೆ ನೆರೆತಿತ್ತು, ಅಕ್ಕಿ ಗಿರಣಿಯ ಧೂಳು ಅಂಗಿಯ ಮೇಲಿತ್ತು, ಸುದ್ದಿ ಕೇಳಿದ ಬಟ್ಟೆಯಲ್ಲೇ ಓಡಿಬಂದಿದ್ದ. ಅಪ್ಪನ ಕಾಲು ಹಿಡಿದು ಅತ್ತ ರೀತಿಗೆ, ಮಣ್ಣಿಗೆ ಬಂದವರು ಇವನೇ ಮಗನೋ ಎಂಬಂತೆ ಅವನನ್ನೇ ನೋಡಿದರು. ನನ್ನ ಅಳು ನಿಂತುಹೋಯಿತು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೂತ.

“ಅಮ್ಮಾ, ನಿಮಗ ಒಂದು ಮಾತು ಹೇಳಬೇಕು,” ಅಂದ. “ಆವತ್ತು ಮಾಸ್ತರು ಹೋಟೆಲಿಗೆ ಹೋಗೇ ಇರಲಿಲ್ಲ. ಹಿಂದಿನ ದಿನ ಪೂರಾ ನಮ್ಮ ಕೂಡ ಮೈದಾನದಾಗ ಇದ್ರು. ಯಾರು ಹೇಳಿದ್ರೋ ಏನೋ, ನನಗ ಇವತ್ತಿಗೂ ಗೊತ್ತಿಲ್ಲ. ನನ್ನ ಉಳಿಸಾಕ ಮಾಸ್ತರು ತಮ್ಮ ಮ್ಯಾಲ ಹಾಕ್ಕೊಂಡ್ರು. ಎಲ್ಲಾ ನನ್ನ ಸಲುವಾಗಿ.”

ಹೇಳಲು ನನ್ನ ಬಳಿ ಎಲ್ಲವೂ ಇತ್ತು. ಎಡಗಾಲು, ಏರಿ, ಸಜ್ಜಿರೊಟ್ಟಿ, ಶಿವಪುತ್ರ. ನನ್ನ ಸಲುವಾಗಿ ಕಣೋ ಎಂದು ಒಂದೇ ಮಾತಿನಲ್ಲಿ ಅಪ್ಪನನ್ನು ಅವನಿಂದ ಕಿತ್ತುಕೊಳ್ಳಬಹುದಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ಹೌದು ಸುಬ್ಬಾರಾವ್,” ಅಂದೆ. “ನಿನ್ನ ಸಲುವಾಗಿನೇ.”

ಅವನು ಮುಖ ಮುಚ್ಚಿಕೊಂಡು ಮತ್ತೆ ಅತ್ತ. ಹೊಟ್ಟೆ ಉರಿಯುತ್ತಿದ್ದರೂ ನಾನು ಎದ್ದು ಹೋಗದೆ ಅವನ ಪಕ್ಕದಲ್ಲೇ ಕೂತಿದ್ದೆ.